ಒಪ್ಕೊಂಡ ಮೇಲೂ ಕೇಸ್ ಯಾಕೆ ನಡೀತು

ನಮ್ಮ ಚಿಕ್ಕಪ್ಪನ್ನ ಕಡಿದವನು ಅವತ್ತೇ ಮಧ್ಯಾಹ್ನ ಕತ್ತಿ ಸಮೇತ ಸ್ಟೇಷನ್ನಿಗೆ ಹೋಗಿ ನಾನೇ ಕಡ್ದೆ ಅಂತ ಹೇಳಿದ್ದ. ಊರಿಗೆಲ್ಲ ಗೊತ್ತಿತ್ತು, ಅವರ ಮನೆಯವರೂ ಇಲ್ಲ ಅಂದಿರಲಿಲ್ಲ, ಹಂಗಾಗಿ ಕೋರ್ಟಲ್ಲಿ ಇದು ಒಂದೆರಡು ಡೇಟಲ್ಲಿ ಮುಗಿದು ಹೋಗುತ್ತೆ ಅಂತಾನೇ ನಾವೆಲ್ಲ ಇದ್ವಿ. ವರ್ಷಗಟ್ಟಲೆ ಎಳೀತು. ಮಧ್ಯ ಕೊರೊನಾ ಬಂತು, ಅದು ಬೇರೆ ಮಾತು, ಆದ್ರೆ ಕೊರೊನಾ ಇಲ್ದಿದ್ರೂ ಬೇಗ ಮುಗೀತಿರಲಿಲ್ಲ, ಯಾಕಂದ್ರೆ ಕೊಲೆ ಕೇಸಲ್ಲಿ ಆರೋಪಿ ಒಪ್ಕೊಂಡ ಅಂದ ತಕ್ಷಣ ಜಡ್ಜು ಪೆನ್ ಎತ್ತಿ ಶಿಕ್ಷೆ ಬರೆಯಲ್ಲ. ಹೆಸರು, ಊರು ಬೇಡ, ಸೋಮವಾರಪೇಟೆ ತಾಲೂಕು, ಮಾದಾಪುರದ ಆಚೆ ಅಂದ್ರೆ ಸಾಕು.

ಜಗಳದ ಬೇರು 2018ರ ಆಗಸ್ಟ್ ಮಳೇಲಿದೆ. ಆ ವರ್ಷ ನಮ್ಮ ಕಡೆ ಗುಡ್ಡಗಳು ಹೆಂಗೆ ಜಾರಿದ್ವು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮನೆ ಉಳೀತು, ಆದ್ರೆ ಚಿಕ್ಕಪ್ಪನ ತೋಟದ ಕೆಳಗಿನ ಅಂಚು ಮಣ್ಣಿನ ಸಮೇತ ಕೆಳಗಿಳಿದು ಬಾಂದುಕಲ್ಲು ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ. ಪಕ್ಕದ ತೋಟ ದಾಯಾದಿಗಳದ್ದು. ಕಡಿದವನು ಆ ಮನೆಯವನೇ, ನನಗಿಂತ ದೊಡ್ಡವನು, ಚಿಕ್ಕಂದಿನಿಂದ ಅಣ್ಣ ಅಂತ ಕರೆದು ಅಭ್ಯಾಸ, ಈಗಲೂ ಬಾಯಿಗೆ ಅದೇ ಬರುತ್ತೆ, ನನ್ನ ಚಿಕ್ಕಪ್ಪನ ಮಗನಿಗೆ ಅದನ್ನ ಕೇಳಿದ್ರೆ ಮೈ ಉರಿಯುತ್ತೆ. ಗಡೀಲಿ ನಾಲ್ಕೈದು ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಅದು ಯಾರದ್ದು ಅನ್ನೋದೇ ಜಗಳ. ಸರ್ವೆಗೆ ಅರ್ಜಿ ಹಾಕಿದ್ರು, ಬರ್ತೀವಿ ಅಂದವರು ಬಂದಿರಲಿಲ್ಲ. ಮಾರನೇ ವರ್ಷ ಮಳೆಗೆ ಮುಂಚೆ ಮರಗಸಿ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋ ಕೆಲಸ, ಮಾಡುವಾಗ ಅಣ್ಣ ಕಡಿಸಿದ ಕೊಂಬೆ ಚಿಕ್ಕಪ್ಪನ ಬಳ್ಳಿ ಮೇಲೆ ಬಿತ್ತು. ಚಿಕ್ಕಪ್ಪ ಹೋಗಿ ಬೈದ್ರು. ಚಿಕ್ಕಪ್ಪನ ಬೈಗುಳ ಚೆನ್ನಾಗಿರ್ತಿರಲಿಲ್ಲ, ಸತ್ತವರ ಬಗ್ಗೆ ಹೇಳಬಾರದು, ಆದ್ರೂ ಕೋರ್ಟಲ್ಲೇ ಬಂದ ವಿಷಯ.

ಸೋಮವಾರಪೇಟೆ ಕೋರ್ಟಿಂದ ಕೇಸು ಮಡಿಕೇರಿ ಸೆಷನ್ಸ್ ಕೋರ್ಟಿಗೆ ಕಮಿಟ್ ಆಯ್ತು, ಅಂದ್ರೆ ಅಲ್ಲಿಗೆ ಹೋಯ್ತು. ಕೊಲೆ ಕೇಸ್ ಸೆಷನ್ಸ್ ಜಡ್ಜೇ ನಡೆಸಬೇಕು. ಚಾರ್ಜ್ ಓದುವ ದಿನ ಚಿಕ್ಕಮ್ಮನ್ನ, ಅವರ ಮಗನ್ನ, ಅಂದ್ರೆ ನನ್ನ ತಮ್ಮನ್ನ, ನಾನೇ ಕಾರಲ್ಲಿ ಕರ್ಕೊಂಡು ಹೋಗಿದ್ದೆ. ದಲಾಯತ ಹೆಸರು ಕೂಗಿದ, ಪೊಲೀಸರು ಅಣ್ಣನ್ನ ಕರ್ಕೊಂಡು ಬಂದು ನಿಲ್ಲಿಸಿದ್ರು, ಜಡ್ಜು ಕನ್ನಡದಲ್ಲೇ ಆರೋಪ ಓದಿ ಹೇಳಿ, ಒಪ್ಪಿಕೊಳ್ತೀರೋ ಇಲ್ಲ ವಿಚಾರಣೆ ಆಗ್ಲಿ ಅಂತೀರೋ ಅಂದ್ರು.

'ಹೌದು ಸ್ವಾಮಿ, ನಾನೇ ಕಡ್ದಿದ್ದು. ತಪ್ಪಾಯ್ತು.'

ನನ್ನ ಪಕ್ಕ ಚಿಕ್ಕಮ್ಮ ಸೆರಗು ಬಾಯಿಗೆ ಇಟ್ಕೊಂಡ್ರು. ಮುಗೀತಲ್ಲ ಅಂತ ತಮ್ಮ ನನ್ನ ಕಡೆ ನೋಡಿದ. ಜಡ್ಜು ಮಾತ್ರ ಬರೆಯೋದು ಬಿಟ್ಟು ಕೇಳೋಕೆ ಶುರು ಮಾಡಿದ್ರು. ವಕೀಲರ ಹತ್ರ ಮಾತಾಡಿದ್ದೀರಾ, ಯಾರಾದ್ರೂ ಹಿಂಗೆ ಹೇಳು ಅಂತ ಹೇಳಿಕೊಟ್ರಾ, ಪೊಲೀಸರು ಏನಾದ್ರೂ ಅಂದ್ರಾ, ಈ ಸೆಕ್ಷನ್ನಿಗೆ ಗಲ್ಲು ಶಿಕ್ಷೇನೂ ಆಗಬಹುದು ಅಂತ ಗೊತ್ತಾ. ಕೊನೆಗೆ, 'ಸಾಯ್ಲಿ ಅಂತಾನೇ ಕಡಿದ್ರಾ?'

ಅದಕ್ಕೆ ಅವನು ಸುಮಾರು ಹೊತ್ತು ಮಾತಾಡ್ಲಿಲ್ಲ. ಆಮೇಲೆ 'ಸಿಟ್ಟು ಬಂತು ಸ್ವಾಮಿ, ಕಡ್ದೆ' ಅಂದ. ಜಡ್ಜು ವಕೀಲರಿಗೆ, ನಿಮ್ಮ ಕಕ್ಷಿದಾರರ ಹತ್ರ ಸರಿಯಾಗಿ ಮಾತಾಡಿ ಬನ್ನಿ ಅಂತ ಬೇರೆ ಡೇಟ್ ಕೊಟ್ರು. ಆ ಡೇಟಲ್ಲಿ ವಿಚಾರಣೆ ಆಗ್ಲಿ ಅಂತ ಬರ್ಕೊಂಡ್ರು.

ಹೊರಗೆ ಬಂದು ತಮ್ಮ ಕೂಗಾಡಿದ್ದು ಕೂಗಾಡಿದ್ದೇ. ದುಡ್ಡು ಕೊಟ್ಟಿದ್ದಾರೆ, ನಾಟಕ ಆಡ್ತಿದ್ದಾರೆ, ಒಪ್ಕೊಂಡವನಿಗೆ ಶಿಕ್ಷೆ ಕೊಡೋಕೆ ಇವರಿಗೇನು ಕಷ್ಟ ಅಂತ. ಸರ್ಕಾರಿ ವಕೀಲರು, ನಾವು ಪಿಪಿ ಮೇಡಂ ಅಂತಿದ್ವಿ, ಇವನನ್ನ ಒಂದು ಕಡೆ ಕೂರಿಸಿ ಹೇಳಿದ್ರು. ಕ್ರಿಮಿನಲ್ ಕೇಸ್ ಹೆಂಗೆ ನಡೆಸಬೇಕು ಅಂತ ಹೇಳೋ ಸಿಆರ್‌ಪಿಸಿ ಕಾನೂನಿನ 229ರಲ್ಲಿ ಒಪ್ಕೊಂಡ್ರೆ ಬರ್ಕೊಳ್ಳಲೇಬೇಕು ಅಂತಿದೆ, ಅದರ ಮೇಲೆ ಅಪರಾಧಿ ಅಂತ ತೀರ್ಮಾನ ಮಾಡೋದು ಬಿಡೋದು ಮಾತ್ರ ಜಡ್ಜಿಗೆ ಬಿಟ್ಟಿದ್ದು. ಗಲ್ಲಿಗೆ ಹೋಗಬಹುದಾದ ಕೇಸಲ್ಲಿ ಬರೀ ಒಪ್ಪಿಗೆ ಮೇಲೆ ಶಿಕ್ಷೆ ಕೊಡೋದು ಬೇಡ, ಸಾಕ್ಷಿ ನೋಡಿ ಅಂತ ಹೈಕೋರ್ಟುಗಳು ಹಳೇ ಕಾಲದಿಂದ ಹೇಳ್ಕೊಂಡೇ ಬಂದಿವೆ. ಪೊಲೀಸರ ಮುಂದೆ ಒಪ್ಕೊಂಡಿದ್ದಂತೂ ಎವಿಡೆನ್ಸ್ ಆಕ್ಟ್ 25ರ ಪ್ರಕಾರ ಲೆಕ್ಕಕ್ಕೇ ಇಲ್ಲ, ಅವನೇ ಹೋಗಿ ಕಂಪ್ಲೇಂಟ್ ಥರ ಬರೆಸಿದ್ರೂ ಅದರಲ್ಲಿ ತಪ್ಪೊಪ್ಪಿಗೆ ಇರೋ ಭಾಗ ಬಳಸೋ ಹಂಗಿಲ್ಲ ಅಂತ 1965ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಪ್ಕೊಂಡ್ರೆ ಶಿಕ್ಷೆ ಕಮ್ಮಿ ಮಾಡ್ಕೊಳ್ಳೋ ಒಪ್ಪಂದ, ಪ್ಲೀ ಬಾರ್ಗೇನಿಂಗ್ ಅಂತಾರಲ್ಲ, ಅದು 2006ರಿಂದ ನಮ್ಮಲ್ಲೂ ಇದೆ, ಆದ್ರೆ 7 ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರೋ ಕೇಸಿಗೆ ಇಲ್ಲ. ಕೊಲೆಗೆ ಚೌಕಾಸಿ ಇಲ್ಲ ಅಂತಾಯ್ತು. ಈಗ ಕಾನೂನಿನ ನಂಬರೆಲ್ಲ ಬದಲಾಗಿದೆ, 2024ರ ಜುಲೈ 1ರಿಂದ ಆದ ಕೊಲೆಗೆ ಹಳೇ ಐಪಿಸಿ 302 ಅಲ್ಲ, ಅದರ ಬದಲು ಬಂದ ಬಿಎನ್‌ಎಸ್ 103, ಒಪ್ಪಿಗೆದ್ದು ಸಿಆರ್‌ಪಿಸಿ ಬದಲು ಬಂದ ಬಿಎನ್‌ಎಸ್‌ಎಸ್ 252. ನಮ್ಮದು ಹಳೇ ಕೇಸಾದ್ದರಿಂದ ಹಳೇ ನಂಬರಲ್ಲೇ ನಡೀತು.

ಮೇಡಂ ಹೇಳಿದ್ದರಲ್ಲಿ ನನ್ನ ತಲೇಲಿ ಕೂತಿದ್ದು ಇನ್ನೊಂದು. ಕಡ್ದೆ ಅಂತ ಒಪ್ಕೊಂಡ್ರೆ ಕೊಲೆ ಅಂತ ಒಪ್ಕೊಂಡ ಹಂಗಲ್ಲ. ಅದೇ ಕಡಿತ, ಅದೇ ಸಾವು, ಆದ್ರೆ ಮುಂಚೆ ಯೋಚನೆ ಇಲ್ದೆ, ದಿಢೀರ್ ಜಗಳದಲ್ಲಿ, ಆ ಸಿಟ್ಟಿನ ಬಿಸೀಲೇ ಆಗಿದ್ರೆ, ಎದುರಿನವನ ಅಸಹಾಯಕತೆ ನೋಡಿ ಕ್ರೂರವಾಗಿ ನಡ್ಕೊಂಡಿಲ್ದಿದ್ರೆ, ಅದು ಕೊಲೆ ಅಂದ್ರೇನು ಅಂತ ಹೇಳೋ ಐಪಿಸಿ 300ರ ನಾಲ್ಕನೇ ವಿನಾಯಿತಿಗೆ ಬಂದು 304, ಅಂದ್ರೆ ಕೊಲೆ ಅಲ್ಲದ ನರಹತ್ಯೆ, ಆಗುತ್ತೆ. 304ರಲ್ಲಿ ಎರಡು ಭಾಗ. ಕೊಲ್ಲೋ ಉದ್ದೇಶ ಇತ್ತು ಅಂದ್ರೆ ಜೀವಾವಧಿ ಇಲ್ಲ 10 ವರ್ಷದ ತನಕ, ಸಾಯ್ತಾನೆ ಅಂತ ಗೊತ್ತಿತ್ತು ಅಷ್ಟೇ ಅಂದ್ರೆ ಹೆಚ್ಚು ಅಂದ್ರೆ 10 ವರ್ಷ. 302 ಆದ್ರೆ ಎರಡೇ ದಾರಿ, ಗಲ್ಲು ಇಲ್ಲ ಜೀವಾವಧಿ, ಅದಕ್ಕಿಂತ ಕಮ್ಮಿ ಕೊಡೋಕೆ ಜಡ್ಜಿಗೂ ಅಧಿಕಾರ ಇಲ್ಲ. ಅಂದ್ರೆ ಶಿಕ್ಷೆ ಎಷ್ಟು ಅನ್ನೋದರ ಮುಕ್ಕಾಲು ಭಾಗ ಶಿಕ್ಷೆ ಹೇಳೋ ದಿನ ಅಲ್ಲ, ಸೆಕ್ಷನ್ ಯಾವುದು ಅಂತ ತೀರ್ಮಾನ ಆಗುವಾಗ್ಲೇ ಮುಗಿದಿರುತ್ತೆ. ಪೇಪರಲ್ಲಿ ಜೀವಾವಧಿ ಶಿಕ್ಷೆ ಅಂತ ಒಂದು ಲೈನ್ ಓದ್ತೀವಲ್ಲ, ಅದರ ಹಿಂದೆ ಇರೋದೆಲ್ಲ ಇದೇ.

ನಮ್ಮ ಕೇಸಲ್ಲಿ ಎಲ್ಲ ನಿಂತಿದ್ದು ಒಂದು ಬೀಡಿ ಮೇಲೆ.

ಅವತ್ತು ತೋಟದಲ್ಲಿ ಸೌದೆ ಆಯ್ತಿದ್ದ ಹೆಂಗಸೊಬ್ಬಳು ಕಣ್ಣಾರೆ ನೋಡಿದ ಸಾಕ್ಷಿ. ಪಕ್ಕದ ಎಸ್ಟೇಟಿನ ಲೈನ್ ಮನೆಯವಳು. ಅವಳು ಬರ್ತಾಳೋ ಇಲ್ವೋ, ಬಂದ್ರೂ ಹೋಸ್ಟೈಲ್ ಆಗಿ ಮಾತು ತಿರುಗಿಸ್ತಾಳೋ ಅಂತ ನಮಗೆಲ್ಲ ಭಯ ಇತ್ತು, ಬಂದ್ಲು, ಹೇಳಿದ್ಲು. ಇಬ್ರೂ ಬೈದಾಡಿದ್ರು, ಅಣ್ಣನ ಕೈಯಲ್ಲಿ ಮರಗಸಿ ಕತ್ತಿ ಇತ್ತು, ಕಡಿದ್ರು. ಸಾಮಾನ್ಯ ಎಲ್ಲ ಮುಗೀತು ಅನ್ನುವಾಗ ಜಡ್ಜೇ ಕೇಳಿದ್ರು, ಬೈದಾಡ್ತಾ ಇರುವಾಗ್ಲೇ ಕಡಿದ್ರಾ ಅಂತ. ಕತ್ತಿ ಕೈಯಲ್ಲೇ ಇತ್ತು ಅನ್ನೋದು ಅಣ್ಣನ ಪರವಾಗಿದ್ದ ದೊಡ್ಡ ಅಂಶ ಆಗಿತ್ತು, ಮನೆಗೆ ಹೋಗಿ ತಂದಿದ್ದಲ್ಲ, ಕೆಲಸಕ್ಕೆ ಹಿಡ್ಕೊಂಡಿದ್ದು, ಅವರ ವಕೀಲರು ಅದನ್ನೇ ಹಿಡ್ಕೊಂಡು ಬಂದಿದ್ರು.

'ಇಲ್ಲ ಸ್ವಾಮಿ. ಬೈದು ಆದ್ಮೇಲೆ ಇವರು ಆ ಕಡೆ ಹೋಗಿ ಕೂತ್ರು. ಒಂದು ಬೀಡಿ ಸೇದಿದ್ರು. ಆಮೇಲೆ ಎದ್ದು ಬಂದ್ರು.'

'ಪೂರ್ತಿ ಸೇದಿದ್ರಾ?'

'ಪೂರ್ತಿ ಸೇದಿ ಕಾಲಲ್ಲಿ ತುಳಿದ್ರು.'

ಅಣ್ಣನ ವಕೀಲರು ಎದ್ದು ನಿಂತ್ರು. ಎಷ್ಟು ದೂರದಲ್ಲಿದ್ದೆ, ಕಾಫಿ ಗಿಡದ ಮಧ್ಯ ಕೂತವನ ಬೀಡಿ ನಿನಗೆ ಹೆಂಗೆ ಕಾಣ್ತು, ಇದನ್ನ ಪೊಲೀಸರ ಹತ್ರ ಯಾಕೆ ಹೇಳಿಲ್ಲ. 'ಹೊಗೆ ಕಾಣ್ತಿತ್ತು. ಅವರು ಕೇಳ್ಲಿಲ್ಲ.' ವಕೀಲರು ಐದು ನಿಮಿಷ ಅನ್ನಬಹುದಾ ಅಂದ್ರು, ಪಿಪಿ ಮೇಡಂ ಹತ್ತು ಅಂದ್ರು, ಜಡ್ಜು ಇಬ್ಬರದ್ದೂ ಬೇಡ ಅಂತ ಸ್ಟೆನೋಗೆ, ಒಂದು ಬೀಡಿ ಸೇದುವಷ್ಟು ಸಮಯ ಅಂತಾನೇ ಬರೆಸಿದ್ರು. ಆ ಹೆಂಗಸಿಗೆ ಅವತ್ತಿನ ಕೂಲಿ ಹೋಯ್ತು ಅನ್ನೋದು ಮಾತ್ರ ಚಿಂತೆ, ಸಾಕ್ಷಿ ಭತ್ಯೆಗೆ ಸಹಿ ಹಾಕಿಸ್ಕೊಂಡು ಬಸ್ಸಿಗೆ ಓಡಿದ್ಲು.

ಡಾಕ್ಟರ್ ಸಾಕ್ಷಿ ದಿನ ಚಿಕ್ಕಮ್ಮನ್ನ ಒಳಗೆ ಕೂರಿಸ್ಲಿಲ್ಲ. ಬಟ್ಟೇಲಿ ಸುತ್ತಿ ಸೀಲ್ ಮಾಡಿದ್ದ ಕತ್ತಿ ಬಿಚ್ಚಿದ್ರು, ಹಿಡಿಗೆ ಪಂಚರ ಸಹಿ ಇರೋ ಚೀಟಿ ಕಟ್ಟಿತ್ತು, ಎಂ.ಓ.1, ಅಂದ್ರೆ ಸಾಕ್ಷಿಗೆ ಇಟ್ಟ ಮೊದಲನೇ ವಸ್ತು, ಅಂತ ಬರೆದಿತ್ತು. ಹಿಡಿ ಸವೆದು ನುಣ್ಣಗಾಗಿತ್ತು, ನಮ್ಮನೇಲೂ ಅಂಥದ್ದೇ ಎರಡಿವೆ. ಮೂರು ಗಾಯ. ಒಂದು ತಲೆಗೆ, ಒಂದು ಕುತ್ತಿಗೆಗೆ, ಒಂದು ಎಡಗೈ ಮುಂಗೈಗೆ, ಅದು ತಡೆಯೋಕೆ ಕೈ ಅಡ್ಡ ಹಿಡಿದಾಗ ಆಗಿದ್ದು ಅಂದ್ರು ಡಾಕ್ಟರ್. ಚಿಕ್ಕಪ್ಪನ ಕೈಯಲ್ಲಿ ಏನೂ ಇರಲಿಲ್ಲ.

ಸಾಕ್ಷಿಗಳೆಲ್ಲ ಮುಗಿದ ಮೇಲೆ ಜಡ್ಜು ಆರೋಪೀನ ನೇರವಾಗಿ ಕೇಳೋದು ಒಂದಿದೆ, 313 ಅಂತಾರೆ. ನಿಮ್ಮ ವಿರುದ್ಧ ಹಿಂಗೆ ಸಾಕ್ಷಿ ಬಂದಿದೆ ಏನಂತೀರಿ ಅಂತ. ಪ್ರಮಾಣ ಮಾಡಿಸಲ್ಲ, ಉತ್ತರ ಕೊಡಲೇಬೇಕು ಅಂತಿಲ್ಲ, ಸುಳ್ಳು ಅಂದ್ರೂ ಅದಕ್ಕೆ ಶಿಕ್ಷೆ ಇಲ್ಲ. ಕೋರ್ಟ್ ಕಂಡವರೆಲ್ಲ ಎಲ್ಲದಕ್ಕೂ ಸುಳ್ಳು ಸುಳ್ಳು ಅಂತ ಹೇಳಿ ಮುಗಿಸ್ತಾರಂತೆ. ಅಣ್ಣನಿಗೂ ವಕೀಲರು ಅದನ್ನೇ ಹೇಳಿಕೊಟ್ಟಿರಬೇಕು, ಮೊದಲ ಪ್ರಶ್ನೆಗಳಿಗೆಲ್ಲ ಸುಳ್ಳು, ಗೊತ್ತಿಲ್ಲ ಅಂದ. ಬೀಡಿ ಪ್ರಶ್ನೆ ಬಂದಾಗ ಮಾತ್ರ 'ಹೌದು, ಕೂತಿದ್ದೆ' ಅಂದುಬಿಟ್ಟ. ಯಾಕೆ ಅಂದ ಅಂತ ಇವತ್ತಿಗೂ ನಮ್ಮ ಮನೇಲಿ ಮಾತಾಗುತ್ತೆ. ಮೊದಲ ದಿನವೇ ಎಲ್ಲ ಒಪ್ಕೊಳ್ತೀನಿ ಅಂದಿದ್ದ ಮನುಷ್ಯ, ಇಷ್ಟು ವರ್ಷ ಸುಮ್ನಿದ್ದು ಸಾಕಾಗಿತ್ತೋ ಏನೋ. ಅವನ ದೊಡ್ಡ ಒಪ್ಪಿಗೆ ಅವನಿಗೆ ಯಾವ ರಿಯಾಯಿತೀನೂ ತರಲಿಲ್ಲ, ಈ ಚಿಕ್ಕ ಒಪ್ಪಿಗೆ 304ರ ಬಾಗಿಲು ಮುಚ್ಚಿತು. ತೀರ್ಪಲ್ಲಿ ಜಡ್ಜು ಅದನ್ನ ಆ ಹೆಂಗಸಿನ ಸಾಕ್ಷಿ ಜೊತೆ ಸೇರಿಸಿ ಓದಿದ್ರು. ಜಗಳ ದಿಢೀರ್ ಆಗಿದ್ದು ನಿಜ, ಆದ್ರೆ ಕಡಿದಿದ್ದು ಜಗಳದಲ್ಲಲ್ಲ, ಜಗಳ ಮುಗಿದ ಮೇಲೆ ಎದ್ದು ಬಂದು, ಬರಿಗೈಲಿದ್ದವರ ಮೇಲೆ, ಮೂರು ಸಲ. 302.

ಅಪರಾಧಿ ಅಂತ ಹೇಳಿದ ದಿನವೇ ಶಿಕ್ಷೆ ಹೇಳಲಿಲ್ಲ. 235(2) ಪ್ರಕಾರ ಶಿಕ್ಷೆ ಬಗ್ಗೆ ಬೇರೆಯಾಗಿ ವಾದ ಕೇಳಬೇಕು, ಅದಕ್ಕೆ ಮುಂದೆ ಹಾಕಿದ್ರು. ಆ ಮಧ್ಯದ ದಿನಗಳಲ್ಲಿ ತಮ್ಮ ಪಿಪಿ ಮೇಡಂ ಹಿಂದೆ ಬಿದ್ದಿದ್ದ, ಗಲ್ಲು ಕೇಳಿ ಅಂತ. ಅವರು ಸಮಾಧಾನದಿಂದಲೇ ಹೇಳಿದ್ರು. ಹಳೇ ಕಾಲದಲ್ಲಿ, 1955ರ ತನಕ, ಕೊಲೆಗೆ ಗಲ್ಲು ಕೊಡದಿದ್ರೆ ಜಡ್ಜು ಯಾಕೆ ಕೊಡಲಿಲ್ಲ ಅಂತ ಕಾರಣ ಬರೀಬೇಕಿತ್ತಂತೆ. 1973ರ ಸಿಆರ್‌ಪಿಸಿ ಬಂದ ಮೇಲೆ ಪೂರ್ತಿ ತಿರುಗಿ, ಗಲ್ಲು ಕೊಟ್ರೆ ವಿಶೇಷ ಕಾರಣ ಬರೀಬೇಕು ಅಂತಾಯ್ತು. 1980ರಲ್ಲಿ ಬಚನ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟು ಅಪರೂಪದಲ್ಲಿ ಅಪರೂಪ ಅನ್ನೋ ಕೇಸಿಗೆ ಮಾತ್ರ ಗಲ್ಲು ಅಂತು, ಕೃತ್ಯ ಎಷ್ಟು ಘೋರ ಅಂತ ಮಾತ್ರ ಅಲ್ಲ, ಮಾಡಿದವನ ವಯಸ್ಸು, ಮನಸ್ಥಿತಿ, ಸುಧಾರಿಸೋ ಸಾಧ್ಯತೆ ಎಲ್ಲ ತೂಗಬೇಕು. 2022ರಲ್ಲಿ ಇನ್ನೂ ಮುಂದೆ ಹೋಗಿ, ಗಲ್ಲು ಯೋಚನೆ ಮಾಡೋ ಕೇಸಲ್ಲಿ ಆರೋಪಿಯ ಹಿನ್ನೆಲೆ, ಮಾನಸಿಕ ಸ್ಥಿತಿ ಬಗ್ಗೆ ವರದಿ ತರಿಸ್ಕೊಳ್ಳಿ ಅಂತ ಟ್ರಯಲ್ ಕೋರ್ಟುಗಳಿಗೆ ಹೇಳಿದೆ. ಕೊಟ್ರೂ ಹೈಕೋರ್ಟ್ ಕನ್ಫರ್ಮ್ ಮಾಡಬೇಕು. 'ಬೇಲಿ ಜಗಳಕ್ಕೆ ಗಲ್ಲು ಆಗಲ್ಲಪ್ಪ' ಅಂದ್ರು ಕೊನೆಗೆ. ಬೇಲಿ ಜಗಳ ಅನ್ನೋ ಮಾತಿಗೆ ಚಿಕ್ಕಮ್ಮನಿಗೆ ತುಂಬ ನೋವಾಯ್ತು, ಮೇಡಂ ಕೆಟ್ಟದಾಗಿ ಹೇಳಿದ್ದಲ್ಲ, ಅವರು ದಿನಾ ನೋಡೋದು ಇದೇ.

ಹಂಗಾದ್ರೆ ಸಾಯೋ ತನಕ ಬಿಡಬಾರದು ಅಂತ ಬರೆಸಿ ಅಂದ ತಮ್ಮ. ಅದಕ್ಕೂ ಆಗಲ್ಲ. ಹೆಂಡತೀನ ಕೊಂದ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದನ ಕೇಸಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಗಲ್ಲು ತಪ್ಪಿಸಿ, ಬದುಕಿರೋ ತನಕ ಬಿಡುಗಡೆ ಇಲ್ಲ ಅಂತ ಮಾಡಿತ್ತು, ಆದ್ರೆ ಆ ಥರ ಬರೆಯೋ ಅಧಿಕಾರ ಹೈಕೋರ್ಟು ಸುಪ್ರೀಂ ಕೋರ್ಟಿಗೆ ಮಾತ್ರ ಅಂತ 2015ರ ಸಂವಿಧಾನ ಪೀಠ ಹೇಳಿದೆ.

ನಮ್ಮತ್ತೆ ಮಗಳು ಇಂಗ್ಲೆಂಡಲ್ಲಿ ನರ್ಸ್. ಅವಳು ಫೋನಲ್ಲಿ, ಇಲ್ಲಿ ಹಂಗಲ್ಲ ಕಣೋ ಅಂತ ತಮ್ಮನಿಗೆ ಹೇಳಿದ್ದು ಇವನ ಸಿಟ್ಟು ಜಾಸ್ತಿ ಮಾಡ್ತು, ನಂಗೆ ಮಾತ್ರ ತುಂಬ ಕುತೂಹಲ ಆಯ್ತು. ಅಲ್ಲಿ ಕೊಲೆಗೆ ಜೀವಾವಧಿ ಖಚಿತ, ಗಲ್ಲಿಲ್ಲ, ಆದ್ರೆ ಕಮ್ಮಿ ಅಂದ್ರೆ ಇಷ್ಟು ವರ್ಷ ಒಳಗಿರಬೇಕು ಅಂತ ಜಡ್ಜು ಅವತ್ತೇ ಎಲ್ಲರ ಎದುರಿಗೆ ಲೆಕ್ಕ ಹಾಕಿ ಹೇಳ್ತಾರೆ. ವಯಸ್ಕರಿಗೆ ಸಾಮಾನ್ಯವಾಗಿ 15 ವರ್ಷದಿಂದ ಲೆಕ್ಕ ಶುರು, ಚಾಕು ಜೊತೆಗೆ ತಗೊಂಡು ಹೋಗಿ ಕೊಂದಿದ್ರೆ 25ರಿಂದ, ಬಂದೂಕಿನ ಕೊಲೆ ಆದ್ರೆ 30ರಿಂದ, ಅದರ ಮೇಲೆ ಕೂಡಿಸೋದು ಕಳೆಯೋದು. ಮೊದಲೇ ಒಪ್ಕೊಂಡ್ರೆ ಆರನೇ ಒಂದು ಭಾಗದ ತನಕ ಕಮ್ಮಿ, ಅದೂ 5 ವರ್ಷಕ್ಕಿಂತ ಜಾಸ್ತಿ ಇಲ್ಲ. ನಮ್ಮಲ್ಲಿ ಆ ಥರ ಗೈಡ್‌ಲೈನ್ ಬೇಕು ಅಂತ 2003ರಲ್ಲೇ ಮಳಿಮಠ ಸಮಿತಿ ಹೇಳಿತ್ತು, ಸಮಿತಿ ಅಧ್ಯಕ್ಷರು ಕರ್ನಾಟಕ ಹೈಕೋರ್ಟಲ್ಲಿ ಜಡ್ಜ್ ಆಗಿದ್ದವರು. ಆಗಿಲ್ಲ. ಇಂಗ್ಲೆಂಡಿನವರೂ ಕೇಳೋದು ಕೊನೆಗೆ ಕತ್ತಿ ಎಲ್ಲಿಂದ ಬಂತು ಅನ್ನೋದನ್ನೇ ನೋಡಿ.

ಶಿಕ್ಷೆ ವಾದದ ದಿನ ಅರ್ಧ ಗಂಟೆಯೂ ಹಿಡೀಲಿಲ್ಲ. ಅಣ್ಣನ ವಕೀಲರು, ಹಿಂದೆ ಯಾವ ಕೇಸೂ ಇಲ್ಲ, ತಾನೇ ಹೋಗಿ ಶರಣಾದವನು, ವಯಸ್ಸಾದ ತಾಯಿ, ಓದೋ ಹೆಣ್ಣುಮಕ್ಕಳು, ಜೈಲಲ್ಲಿ ಒಂದು ದೂರಿಲ್ಲ ಅಂದ್ರು. ಪಿಪಿ ಮೇಡಂ ಜೀವಾವಧಿ ಮತ್ತೆ ಚಿಕ್ಕಮ್ಮನಿಗೆ ಪರಿಹಾರ ಕೇಳಿದ್ರು. ನಮ್ಮನ್ನ ಯಾರೂ ಏನೂ ಕೇಳಲಿಲ್ಲ, ಅದು ನನಗೂ ಚುಚ್ಚಿದ ವಿಷಯ, ಇಂಗ್ಲೆಂಡಲ್ಲಿ ಮನೆಯವರಿಗೆ ಎದ್ದು ನಿಂತು ಓದೋಕೆ ಬಿಡ್ತಾರಂತೆ. ಜಡ್ಜು ಅಣ್ಣನಿಗೆ ಏನಾದ್ರೂ ಹೇಳೋದಿದ್ಯಾ ಅಂದಾಗ ಅವನು, ತೋಟ ನೋಡ್ಕೊಳ್ಳೋರಿಲ್ಲ ಸ್ವಾಮಿ ಅಂದ. ನಮ್ಮ ತೋಟ ಯಾರು ನೋಡ್ಕೋತಾರಂತೆ ಅಂತ ತಮ್ಮ ಕೇಳಿಸೋ ಹಂಗೇ ಅಂದ, ಪೊಲೀಸ್ ಒಬ್ಬರು ಭುಜ ಹಿಡ್ದು ಕೂರಿಸಿದ್ರು.

ಜೀವಾವಧಿ, ದಂಡ, ದಂಡದಲ್ಲಿ ಹೆಚ್ಚು ಭಾಗ ಚಿಕ್ಕಮ್ಮನಿಗೆ, ಅದು ಸಾಲದು ಅಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸತ್ತವರ ಮನೆಯವರಿಗೆ ಪರಿಹಾರ ಕೊಡೋ 357ಎ ಪ್ರಕಾರ ಶಿಫಾರಸು. ಆದೇಶದಲ್ಲಿ ಒಂದು ಸಾಲಿದೆ, ಆರೋಪಿ ಮೊದಲಿಂದ ಕೃತ್ಯ ಮರೆಮಾಚೋಕೆ ಪ್ರಯತ್ನ ಮಾಡಿಲ್ಲ ಅಂತ. ಶಿಕ್ಷೆ ಅದರಿಂದ ಒಂದು ದಿನವೂ ಕಮ್ಮಿ ಆಗಿಲ್ಲ, ಆಗೋ ಹಂಗೂ ಇರಲಿಲ್ಲ. ಅದು ಕೆಲಸಕ್ಕೆ ಬರೋದು ಮುಂದೆ. ಜೀವಾವಧಿ ಅಂದ್ರೆ 14 ವರ್ಷ ಅಂತ ಜನ ಅಂತಾರೆ, ಹಂಗಲ್ಲ, ಬದುಕಿರೋ ತನಕ ಅಂತ 1961ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 14 ಅನ್ನೋದು 433ಎ ಲೆಕ್ಕ, ಅಷ್ಟು ವರ್ಷ ಒಳಗೆ ಕಳೆಯೋ ತನಕ ಸರ್ಕಾರ ಬಿಡುಗಡೆ ಮಾಡೋ ಹಂಗಿಲ್ಲ. ಆಮೇಲೂ ಕೇಳೋ ಅವಕಾಶ ಅಷ್ಟೇ, ಹಕ್ಕಲ್ಲ. ಆಗ ಶಿಕ್ಷೆ ಕೊಟ್ಟ ಕೋರ್ಟಿನ ಜಡ್ಜಿನ ಅಭಿಪ್ರಾಯ ಕೇಳ್ತಾರೆ, ಅಷ್ಟು ಹೊತ್ತಿಗೆ ಈ ಜಡ್ಜು ಎಲ್ಲಿರ್ತಾರೋ, ಆ ಕುರ್ಚೀಲಿ ಕೂತವರು ಫೈಲ್ ತೆಗೆದು ಓದೋದು ಈ ಸಾಲನ್ನೇ.

ಮೊದಲ ದಿನವೇ ಒಪ್ಪಿಗೆ ತಗೊಂಡು ಮುಗಿಸಿದ್ರೆ ಚೆನ್ನಾಗಿತ್ತು ಅಂತ ತಮ್ಮ ಈಗಲೂ ಅಂತಾನೆ, ಹೆಂಗಿದ್ರೂ ಜೀವಾವಧಿನೇ ಬಂತಲ್ಲ, ಇಷ್ಟು ವರ್ಷ ಯಾಕೆ ಅಲೆದ್ವಿ ಅಂತ. ನನಗೆ ಹಂಗನ್ನಿಸಲ್ಲ. ಅವತ್ತೇ ಮುಗಿದಿದ್ರೆ ಹೈಕೋರ್ಟಲ್ಲಿ ಅವರ ವಕೀಲರು, ಏನೂ ತಿಳೀದ ಮನುಷ್ಯ ಹೆದರಿ ಒಪ್ಕೊಂಡ ಅಂತ ಹೇಳಿ ಎಲ್ಲ ಮೊದಲಿಂದ ಮಾಡಿಸ್ತಿದ್ರು. ಅದಕ್ಕಿಂತ ಹೆಚ್ಚಾಗಿ, ಚಿಕ್ಕಪ್ಪ ಹೆಂಗೆ ಸತ್ರು ಅಂತ ನಮಗೆ ಗೊತ್ತೇ ಆಗ್ತಿರಲಿಲ್ಲ. ಬೈದಾಡಿಕೊಂಡ್ರು, ಕಡಿದ ಅಂತ ಊರು ಹೇಳಿದ್ದೇ ಕಥೆ ಆಗಿರ್ತಿತ್ತು. ಆ ಬೀಡಿ ಸೇದೋ ಹೊತ್ತಲ್ಲಿ ಚಿಕ್ಕಪ್ಪ ಬಗ್ಗಿ ಕೊಂಬೆ ಎಳೆದು ಬಳ್ಳಿ ಬಿಡಿಸ್ತಿದ್ರಂತೆ, ಆ ಹೆಂಗಸು ಹೇಳಿದ್ದು. ಗೊತ್ತಾಗಿ ಒಳ್ಳೇದಾಯ್ತಾ ಅಂದ್ರೆ, ಚಿಕ್ಕಮ್ಮ ಒಂದೊಂದು ದಿನ ಒಂದೊಂದು ಉತ್ತರ ಕೊಡ್ತಾರೆ.

ತಮ್ಮ ಅಪೀಲ್ ಹಾಕ್ತೀನಿ ಅಂತ ಹೊರಟಿದ್ದ. ವಕೀಲರು ಬೇಡ ಅಂದ್ರು. ಆರೋಪಿ ನಿರ್ದೋಷಿ ಅಂತ ಆದ್ರೆ, ಚಿಕ್ಕ ಸೆಕ್ಷನ್ ಆದ್ರೆ, ಪರಿಹಾರ ಕಮ್ಮಿ ಆದ್ರೆ ಸತ್ತವರ ಮನೆಯವರು ಅಪೀಲ್ ಹಾಕಬಹುದು, 2009ರ ತಿದ್ದುಪಡಿ ಆದ ಮೇಲೆ. ಶಿಕ್ಷೆ ಸಾಲದು ಅಂತ ಹಾಕೋಕಾಗಲ್ಲ, ಅದು ಸರ್ಕಾರ ಮಾಡಬೇಕಾದ್ದು, 2020ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅದನ್ನೇ ಹೇಳಿದೆ. ಮುಂದೆ ಸರ್ಕಾರ ಬಿಡುಗಡೆ ಮಾಡಿದ್ರೆ ಪ್ರಶ್ನೆ ಮಾಡಬಹುದು, ಗುಜರಾತ್ ಗಲಭೆಯ ಸಂತ್ರಸ್ತೆ ಬಿಲ್ಕಿಸ್ ಬಾನು ಅವರೇ ಕೋರ್ಟಿಗೆ ಹೋಗಿ 2024ರ ಜನವರೀಲಿ 11 ಜನರ ಬಿಡುಗಡೆ ರದ್ದಾಯ್ತಲ್ಲ ಅಂತ ಸಮಾಧಾನ ಮಾಡಿದ್ರು. ಅಣ್ಣನ ಕಡೆಯವರ ಅಪೀಲು ಹೈಕೋರ್ಟಲ್ಲಿದೆ, 304ಕ್ಕೆ ಇಳಿಸಿ ಅಂತ. ಬೀಡಿ ವಿಷಯ ಪೊಲೀಸ್ ಹೇಳಿಕೇಲಿ ಇಲ್ಲ ಅನ್ನೋದೇ ಅವರ ಮೊದಲ ಪಾಯಿಂಟು. ತಮ್ಮ ಆ ನಂಬರ್ ಇ-ಕೋರ್ಟ್ಸ್ ಆ್ಯಪಲ್ಲಿ ಸೇವ್ ಮಾಡಿಟ್ಟಿದ್ದಾನೆ, ಡೇಟ್ ಬದಲಾದಾಗೆಲ್ಲ ನನಗೊಂದು ಸ್ಕ್ರೀನ್‌ಶಾಟ್ ಬರುತ್ತೆ. ಸರ್ವೆಯವರು ಮಾತ್ರ ಬಂದು ಅಳತೆ ಮಾಡಿ ಹೋದ್ರು, ಆ ಮರಗಳಲ್ಲಿ ಎರಡು ನಮ್ಮದು, ಉಳಿದಿದ್ದು ಅವರದ್ದು.